ಟ್ರಯಥ್ಲಾನ್: ಕೊಳದ ಈಜು ಕಡಲಿಗೆ ಸಾಲದು

ಮಾನ್ಯ ಸಂಪಾದಕರೇ,

ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು 2024ರ ಅಕ್ಟೋಬರ್‌ನಲ್ಲಿ ಗೋವಾದ ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನ್ ಸ್ಪರ್ಧೆಯನ್ನು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದ ಮೇಲೆ, ಅದುವರೆಗೆ ಕ್ರೀಡಾಪುಟದ ಮೂಲೆಯಲ್ಲಿದ್ದ, ಈಜು, ಸೈಕಲ್, ಓಟ ಮೂರೂ ಸೇರಿದ ಈ ಆಟ ಮುಖಪುಟಕ್ಕೆ ಬಂತು. ಪದಕ ಕೊರಳಿಗೆ ಹಾಕಿಕೊಂಡ ಬ್ಯಾಂಕ್ ನೌಕರರು, ಟೆಕ್ಕಿಗಳು, ವೈದ್ಯರ ಚಿತ್ರಗಳು ಈಗ ಆಗಾಗ ಅಚ್ಚಾಗುತ್ತವೆ. ಚಿತ್ರದ ಕೆಳಗೆ ಸಾಮಾನ್ಯವಾಗಿ ಇರುವ ಮಾತು ಛಲದ್ದು. ಛಲ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಇದನ್ನೆಲ್ಲ ಓದಿ ಮೊದಲು ನೋಂದಣಿ ಶುಲ್ಕ ಕಟ್ಟಿ, ಆಮೇಲೆ ಈಜು ಕಲಿಯಲು ಹೊರಡುವವರು ಹೆಚ್ಚುತ್ತಿದ್ದಾರೆ. ಅಂಥವರ ಬಗ್ಗೆ ನಮಗೆ ನಿಜಕ್ಕೂ ಭಯವಿದೆ. ಅದಕ್ಕಾಗಿ ಈ ಪತ್ರ.

ಗೊತ್ತಿಲ್ಲದವರಿಗಾಗಿ ಅಳತೆಗಳನ್ನು ಮೊದಲು ಹೇಳಿಬಿಡುತ್ತೇವೆ. ಮೊದಲು ಈಜು, ನಂತರ ಸೈಕಲ್, ಕೊನೆಗೆ ಓಟ, ನಡುವೆ ಗಡಿಯಾರ ನಿಲ್ಲುವುದಿಲ್ಲ. ಸ್ಪ್ರಿಂಟ್ ಎಂಬ ಚಿಕ್ಕ ಟ್ರಯಥ್ಲಾನ್‌ನಲ್ಲಿ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. 2000ದ ಸಿಡ್ನಿ ಕೂಟದಲ್ಲಿ ಒಲಿಂಪಿಕ್ಸ್ ಸೇರಿದ ಮಾದರಿಯಲ್ಲಿ 1.5, 40 ಮತ್ತು 10 ಕಿ.ಮೀ. ಗೋವಾದಲ್ಲಿ 2019ರಿಂದ ನಡೆಯುತ್ತಿರುವ 70.3ರಲ್ಲಿ 1.9 ಕಿ.ಮೀ. ಕಡಲ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಒಟ್ಟು ದೂರ ಮೈಲಿಯಲ್ಲಿ 70.3 ಆಗುವುದರಿಂದ ಆ ಹೆಸರು. ಒಟ್ಟು 8 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ಈಜಿಗಿರುವ ಗಡಿ 70 ನಿಮಿಷ.

ಸೈಕಲ್‌ನಲ್ಲಿ ಸುಸ್ತಾದರೆ ಇಳಿದು ನಿಲ್ಲಬಹುದು. ಓಟದಲ್ಲಿ ನಡೆಯಬಹುದು. ನೀರಿನಲ್ಲಿ ಆ ಸವಲತ್ತಿಲ್ಲ. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಸಂಭವಿಸಿದ ಸಾವು ಮತ್ತು ಹೃದಯಸ್ತಂಭನದ 135 ಪ್ರಕರಣಗಳನ್ನು ವೈದ್ಯರ ತಂಡವೊಂದು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿತು. ಅವುಗಳಲ್ಲಿ 90 ಈಜಿನ ಹಂತದಲ್ಲೇ ಆದವು. ಇಡೀ ಸ್ಪರ್ಧೆಯಲ್ಲಿ ಅತಿ ಕಡಿಮೆ ಹೊತ್ತು ಹಿಡಿಯುವ ಭಾಗದಲ್ಲಿ ಮೂರನೇ ಎರಡು ಪಾಲು. ಹೀಗೆ ಅಪಾಯಕ್ಕೆ ಸಿಲುಕಿದವರ ಸರಾಸರಿ ವಯಸ್ಸು ಸುಮಾರು 47. ನಮ್ಮಲ್ಲಿ ಈ ಹವ್ಯಾಸಕ್ಕೆ ಇಳಿಯುತ್ತಿರುವವರ ಪೈಕಿ ನಲವತ್ತು ದಾಟಿದವರೇ ಬಹಳ ಎಂಬುದನ್ನು ನೆನಪಿಡಬೇಕು.

ಕೊಳದಲ್ಲಿ ಚೆನ್ನಾಗಿ ಈಜುವವರು ಕಡಲಲ್ಲಿ ಏಕೆ ಕಂಗಾಲಾಗುತ್ತಾರೆ? 25 ಮೀಟರ್ ಕೊಳದಲ್ಲಿ 1.9 ಕಿ.ಮೀ. ಎಂದರೆ 76 ಉದ್ದ. ಪ್ರತಿ ಸಲ ಗೋಡೆ ಒದ್ದು ಹೊರಟಾಗ ಎರಡು ಮೂರು ಮೀಟರ್ ಪುಕ್ಕಟೆ ಸಿಗುತ್ತದೆ. ಅಂದರೆ 150ರಿಂದ 220 ಮೀಟರ್ ದೂರವನ್ನು ಗೋಡೆಯೇ ಈಜಿಸಿರುತ್ತದೆ. ತಿರುಗುವಾಗ ಸಿಗುವ ಅರೆಕ್ಷಣದ ವಿರಾಮ ಬೇರೆ. ಕಡಲಿನಲ್ಲಿ ಗೋಡೆಯಿಲ್ಲ, ತಳದ ಕಪ್ಪು ಗೆರೆಯಿಲ್ಲ. ಗೆರೆ ಇಲ್ಲದೆ ಈಜುವವರು ಓರೆಯಾಗಿ ಹೋಗಿ ಇನ್ನೂ ನೂರಿನ್ನೂರು ಮೀಟರ್ ಸೇರಿಸಿಕೊಳ್ಳುತ್ತಾರೆ. 70 ನಿಮಿಷದ ಗಡಿಯೆಂದರೆ 100 ಮೀಟರಿಗೆ ಸುಮಾರು 3 ನಿಮಿಷ 40 ಸೆಕೆಂಡು. ಕೊಳದಲ್ಲಿ ಅದೇ ವೇಗ ಬಂದರೆ ಸಾಕೆಂದುಕೊಂಡವರು ಕಡಲಲ್ಲಿ ಹೊರಗುಳಿಯುವುದು ಖಚಿತ. ಕೊಳದಲ್ಲಿ ನಿಲ್ಲದೆ 1.9 ಕಿ.ಮೀ.ಯನ್ನು 57 ನಿಮಿಷದೊಳಗೆ, ಅಂದರೆ 100 ಮೀಟರಿಗೆ 3 ನಿಮಿಷದಂತೆ, ಮುಗಿಸಲು ಬಂದ ಮೇಲೆ ಹೆಸರು ಕೊಡುವುದು ಒಳ್ಳೆಯದು.

ಇನ್ನೊಂದು ತಪ್ಪು ತಿಳಿವಳಿಕೆ ವೆಟ್‌ಸೂಟ್ ಬಗ್ಗೆ. ಯುರೋಪಿನ ತಣ್ಣನೆಯ ಸರೋವರಗಳ ವಿಡಿಯೊ ನೋಡಿದವರು ಆ ರಬ್ಬರ್ ಉಡುಪು ತಮ್ಮನ್ನು ತೇಲಿಸುತ್ತದೆ ಎಂದು ನಂಬಿರುತ್ತಾರೆ. ಅದು ತೇಲಿಸುವುದು ನಿಜ. ಆದರೆ ನೀರಿನ ಉಷ್ಣತೆ 24.5 ಡಿಗ್ರಿ ದಾಟಿದರೆ ಐರನ್‌ಮ್ಯಾನ್ ನಿಯಮದಂತೆ ಅದಕ್ಕೆ ಅವಕಾಶವಿಲ್ಲ. ನಮ್ಮ ಪಡುವಣ ಕಡಲು ಅದಕ್ಕಿಂತ ಬೆಚ್ಚಗಿರುತ್ತದೆ. ಇಲ್ಲಿ ಮೈ ತೇಲಿಸಬೇಕಾದದ್ದು ನಮ್ಮ ಉಸಿರೇ.

ಉಸಿರಿನ ವಿಷಯಕ್ಕೆ ಬಂದರೆ, ಹೊಸಬರು ಮುಖ ನೀರೊಳಗಿಟ್ಟಾಗ ಉಸಿರು ಹಿಡಿದುಕೊಳ್ಳುತ್ತಾರೆ. ತಲೆ ಹೊರಳಿಸಿದ ಅರೆಕ್ಷಣದಲ್ಲಿ ಬಿಡುವುದು, ಎಳೆಯುವುದು ಎರಡನ್ನೂ ಮಾಡಲು ಹೋಗುತ್ತಾರೆ. ಹಳೆಯ ಗಾಳಿ ಪೂರ್ತಿ ಹೊರಬರುವುದಿಲ್ಲ, ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಸೇರುತ್ತ ಹೋಗಿ ಗಾಳಿಯೇ ಸಾಲದೆಂಬ ದಿಗಿಲು ಹುಟ್ಟುತ್ತದೆ. ಎಳೆದಷ್ಟೂ ಎದೆ ಬಿಗಿಯುತ್ತದೆ, ಏಕೆಂದರೆ ಅದು ಆಗಲೇ ತುಂಬಿರುತ್ತದೆ. ಕೊಳದಲ್ಲಿ 25 ಮೀಟರಿಗೊಮ್ಮೆ ಗೋಡೆ ಸಿಗುವುದರಿಂದ ಈ ದೋಷ ಮುಚ್ಚಿಹೋಗಿರುತ್ತದೆ. ಪರಿಹಾರ ಸರಳ: ಮುಖ ನೀರೊಳಗಿರುವಷ್ಟು ಹೊತ್ತೂ ಮೂಗಿನಿಂದ ಗುನುಗುತ್ತ ಗಾಳಿ ಬಿಡುತ್ತಲೇ ಇರಬೇಕು, ಗುಳ್ಳೆಗಳ ಸಾಲು ಕಡಿಯಬಾರದು. ತಲೆ ಹೊರಳಿದಾಗ ಎಳೆಯುವ ಕೆಲಸ ಮಾತ್ರ ಉಳಿಯುತ್ತದೆ. ಒಂದು ತಿಂಗಳು ಇದನ್ನಷ್ಟೇ ಅಭ್ಯಾಸ ಮಾಡಿದರೂ ನಷ್ಟವಿಲ್ಲ.

ದಿಕ್ಕು ನೋಡುವುದನ್ನೂ ಕೊಳದಲ್ಲೇ ಕಲಿಯಬೇಕು. ಆರರಿಂದ ಎಂಟು ಕೈಬೀಸಿಗೊಮ್ಮೆ ಮೊಸಳೆಯಂತೆ ಕಣ್ಣಷ್ಟೇ ನೀರಿನ ಮೇಲೆ ತಂದು ನೋಡಿ, ಕೂಡಲೇ ಪಕ್ಕಕ್ಕೆ ಹೊರಳಿ ಉಸಿರು ತೆಗೆದುಕೊಳ್ಳಬೇಕು. ಇಡೀ ತಲೆ ಎತ್ತಿದರೆ ಸೊಂಟ, ಕಾಲು ಮುಳುಗುತ್ತವೆ. ಖಾಲಿ ಲೇನ್ ಸಿಕ್ಕಾಗ ಕಣ್ಣು ಮುಚ್ಚಿ ಹತ್ತು ಕೈ ಈಜಿ ನೋಡಿದರೆ ತಾನು ಯಾವ ಕಡೆಗೆ ವಾಲುತ್ತೇನೆಂದು ಗೊತ್ತಾಗುತ್ತದೆ. ಗಾಗಲ್ಸ್‌ನ ಪಟ್ಟಿ ಟೋಪಿಯ ಒಳಗಿರಲಿ, ಮೇಲೆ ಇದ್ದರೆ ಯಾರದೋ ಕಾಲು ತಗುಲಿ ಕಳಚಿಹೋಗುತ್ತದೆ. ಕುತ್ತಿಗೆ, ಕಂಕುಳಿಗೆ ವ್ಯಾಸಲೀನ್ ಹಚ್ಚಿದ ಬೆರಳಿನಿಂದ ಗಾಗಲ್ಸ್ ಮುಟ್ಟಬಾರದು. ಗಾಜಿಗೆ ಜಿಡ್ಡು ಅಂಟಿತೆಂದರೆ 1.9 ಕಿ.ಮೀ. ಉದ್ದಕ್ಕೂ ಮಂಜು.

ದಿಗಿಲಾದರೆ ಮಾಡಬೇಕಾದ ಕೆಲಸವನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಈಜು ನಿಲ್ಲಿಸಿ ಅಂಗಾತ ಮಲಗಿ, ಐದು ಸಲ ನಿಧಾನವಾಗಿ ಉಸಿರು ಬಿಡಿ. ಸುಧಾರಿಸಿದರೆ ಕಪ್ಪೆಯಂತೆ ಕೈಕಾಲು ಆಡಿಸುವ ಬ್ರೆಸ್ಟ್ ಸ್ಟ್ರೋಕ್‌ನಲ್ಲಿ ಸ್ವಲ್ಪ ದೂರ ಹೋಗಿ. ಸುಧಾರಿಸದಿದ್ದರೆ ಕೈ ಎತ್ತಿ ಬೀಸಿ. ರಕ್ಷಣೆಗೆ ನಿಂತ ಕಯಾಕ್ ಎಂಬ ಪುಟ್ಟ ದೋಣಿಯನ್ನು ಹಿಡಿದುಕೊಂಡು ದಣಿವಾರಿಸಿಕೊಳ್ಳಬಹುದು. ಅದರ ನೆರವಿನಿಂದ ಮುಂದೆ ಸಾಗದಿದ್ದರೆ ಸ್ಪರ್ಧೆಯಿಂದ ಹೊರಹಾಕುವುದಿಲ್ಲ. ಇದು ಗೊತ್ತಿಲ್ಲದೆ ಕಯಾಕ್ ಮುಟ್ಟಲು ಹೆದರಿ ಒದ್ದಾಡುವವರಿದ್ದಾರೆ. ಆದರೆ ಈಜುವಾಗ ಏಕಾಏಕಿ ಉಬ್ಬಸ, ನಿಲ್ಲದ ಕೆಮ್ಮು, ಕಫದಲ್ಲಿ ಗುಲಾಬಿ ನೊರೆ ಕಂಡರೆ ಅದು ಬರೀ ದಿಗಿಲಲ್ಲ, ಶ್ವಾಸಕೋಶದಲ್ಲಿ ನೀರು ಸೇರುತ್ತಿರುವ ಲಕ್ಷಣ. ಅಲ್ಲಿಗೇ ಬಿಟ್ಟು ದಡಕ್ಕೆ ಬಂದು ವೈದ್ಯರನ್ನು ಕಾಣಬೇಕು. ರಕ್ತದೊತ್ತಡ ಇರುವವರಲ್ಲಿ ಇದರ ಅಪಾಯ ಹೆಚ್ಚು. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ಕಾಯಿಲೆಯಿಂದ ತೀರಿಕೊಂಡವರಿದ್ದರಂತೂ ಇಸಿಜಿ, ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮುಗಿಸಿಯೇ ಶುರು ಮಾಡಬೇಕು.

ಬಯಲು ನೀರಿನಲ್ಲಿ ಎಲ್ಲಿ ಅಭ್ಯಾಸ ಮಾಡುವುದು ಎಂಬುದು ಒಳನಾಡಿನವರ ದೊಡ್ಡ ತೊಡಕು. ಊರ ಹೊರಗಿನ ಕಲ್ಲುಕ್ವಾರಿ ಹೊಂಡಗಳಿಗೆ ದಯವಿಟ್ಟು ಇಳಿಯಬೇಡಿ. ಅಂಚು ಗೋಡೆಯಂತೆ ನೇರ, ಕಾಲೂರಲು ಜಾಗವಿಲ್ಲ, ಹತ್ತಿ ಬರಲು ಹಿಡಿಯೂ ಇಲ್ಲ. ಮೇಲಿನ ನೀರು ಬೆಚ್ಚಗಿದ್ದರೂ ಸ್ವಲ್ಪ ಕೆಳಗೆ ಕೊರೆಯುವಷ್ಟು ತಣ್ಣಗಿರುತ್ತದೆ. ಕೆರೆಗಳಲ್ಲಿ ಹೂಳಿಗೆ ಕಾಲು ಸಿಕ್ಕಿಕೊಳ್ಳುತ್ತದೆ, ಅಂತರಗಂಗೆಯ ಬಳ್ಳಿ ಕೈಗೆ ಸುತ್ತಿಕೊಳ್ಳುತ್ತದೆ, ನೀರು ಬಿಟ್ಟಿರುವಾಗ ತೂಬಿನ ಬಳಿ ಸೆಳೆತವಿರುತ್ತದೆ. ಸುತ್ತಲಿನ ಚರಂಡಿ ಬಂದು ಸೇರುವ ಕೆರೆಗಳ ಮಾತು ಬೇಡ. ಹೋಗುವುದಾದರೆ ಸ್ಥಳೀಯರ ಅನುಮತಿ ಪಡೆದು, ಅಲ್ಲಿ ಈಜಿ ಬಲ್ಲವರ ಜೊತೆಗೇ ಹೋಗಬೇಕು.

ಕಡಲಾದರೆ ಜೀವರಕ್ಷಕರಿರುವ ತೀರವನ್ನೇ ಆರಿಸಿಕೊಳ್ಳಿ. ಮಂಗಳೂರಿನ ಪಣಂಬೂರು, ತಣ್ಣೀರುಬಾವಿ, ಶುಚಿತ್ವ, ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಪಡುಬಿದ್ರಿಯಂಥ ಕಡೆ ಮೊದಲು ಜೀವರಕ್ಷಕರನ್ನು ಮಾತಾಡಿಸಿ, ಆ ದಿನ ಸೆಳೆತ ಎಲ್ಲಿದೆ ಎಂದು ಕೇಳಿಯೇ ಇಳಿಯಬೇಕು. ಅಳಿವೆಯ ಹತ್ತಿರ ಇಳಿತದ ಹೊತ್ತಿನಲ್ಲಿ ನದಿಯ ನೀರು ಕಡಲೊಳಕ್ಕೆ ಎಳೆದೊಯ್ಯುತ್ತದೆ, ಅಲ್ಲಿಗೆ ಹೋಗಲೇಬಾರದು. ಮೊದಲ ದಿನ ಸೊಂಟದ ಆಳದಲ್ಲಿ ಹದಿನೈದು ನಿಮಿಷ ಅಲೆಯ ಅಡಿಯಿಂದ ನುಸುಳುವುದು, ಉಸಿರು ಬಿಡುವುದು ಸಾಕು. ಎರಡನೆಯ ದಿನ ಎದೆಮಟ್ಟದಲ್ಲಿ ದಡಕ್ಕೆ ಸಮಾನಾಂತರವಾಗಿ 100 ಮೀಟರಿನಂತೆ ನಾಲ್ಕು ಸಲ. ಹೀಗೆ ಏರಿಸುತ್ತ ಹೋಗಿ, ಯಾವತ್ತೂ ದಡದ ಉದ್ದಕ್ಕೇ ಈಜಿ. ಸೆಳೆತಕ್ಕೆ ಸಿಕ್ಕರೆ ದಡದತ್ತ ನೇರ ಗುದ್ದಾಡದೆ ಪಕ್ಕಕ್ಕೆ ಈಜಿ ಹೊರಬರಬೇಕು. ಹಿಂದೆ ಬಾವಿಯಲ್ಲಿ ಮಕ್ಕಳಿಗೆ ಈಜು ಕಲಿಸುವಾಗ ಸೊಂಟಕ್ಕೆ ಸೋರೆಬುರುಡೆ ಕಟ್ಟುತ್ತಿದ್ದರಲ್ಲ, ಅದರದೇ ಹೊಸ ರೂಪ ಗಾಳಿ ತುಂಬುವ ಕಿತ್ತಳೆ ಬಣ್ಣದ ಸ್ವಿಮ್ ಬಾಯ್. ಸೊಂಟದ ಪಟ್ಟಿಗೆ ಕಟ್ಟಿಕೊಂಡರೆ ದೋಣಿಯವರಿಗೆ ದೂರದಿಂದ ಕಾಣುತ್ತದೆ, ದಣಿದರೆ ಹಿಡಿದುಕೊಳ್ಳಬಹುದು. ಒಂಟಿಯಾಗಿ ಮಾತ್ರ ಎಂದಿಗೂ ಬೇಡ.

ಸೈಕಲ್ಲಿನ ಭಾಗಕ್ಕೆ ಬಂದರೆ, ವಾರಾಂತ್ಯದಲ್ಲಿ ಗುಂಪಾಗಿ ನಂದಿ ಕಡೆಗೆ ಹೋಗಿ, ನಡುವೆ ತಟ್ಟೆ ಇಡ್ಲಿಗೆ ನಲವತ್ತು ನಿಮಿಷ ನಿಂತು ತುಳಿದ 90 ಕಿ.ಮೀ. ಬೇರೆ, ಸ್ಪರ್ಧೆಯ 90 ಕಿ.ಮೀ. ಬೇರೆ. ಗುಂಪಿನಲ್ಲಿ ಮುಂದಿನವರು ಗಾಳಿ ಸೀಳಿಕೊಡುತ್ತಾರೆ. 70.3ರಲ್ಲಿ ಹವ್ಯಾಸಿಗಳು ಮುಂದಿನ ಸೈಕಲ್ಲಿನಿಂದ 12 ಮೀಟರ್ ಅಂತರ ಕಾಯ್ದುಕೊಳ್ಳಬೇಕು, ಈ ನಿಯಮ ಮೀರಿದರೆ ದಂಡನೆಯ ಡೇರೆಯಲ್ಲಿ 5 ನಿಮಿಷ ನಿಲ್ಲಬೇಕು. ಆದ್ದರಿಂದ ತಿಂಗಳಿಗೆ ಎರಡು ಸಲವಾದರೂ ಒಬ್ಬರೇ, ನಿಲ್ಲದೆ ತುಳಿದು ಅಭ್ಯಾಸವಿರಬೇಕು. ದುಬಾರಿ ಸೈಕಲ್ ಬೇಕಿಲ್ಲ, ಅಳತೆ ಸರಿಯಿರಬೇಕು. ಪೆಡಲ್ ಕೆಳತುದಿಯಲ್ಲಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಸೀಟಿನ ಎತ್ತರವಿರಲಿ. ಸೀಟು ತಗ್ಗಾದರೆ ಮಂಡಿಯ ಮುಂಭಾಗ ನೋಯುತ್ತದೆ, ಎತ್ತರವಾದರೆ ಹಿಂಭಾಗ. ಹೆಲ್ಮೆಟ್‌ನ ಬಕಲ್ ಹಾಕಿದ ಮೇಲೆಯೇ ಸ್ಟ್ಯಾಂಡಿನಿಂದ ಸೈಕಲ್ ತೆಗೆಯಬೇಕು, ಮರಳಿ ತೂಗುಹಾಕಿದ ಮೇಲೆಯೇ ಬಿಚ್ಚಬೇಕು. ಮನೆಯಲ್ಲೂ ಅದೇ ಕ್ರಮ ಪಾಲಿಸಿದರೆ ಸ್ಪರ್ಧೆಯ ದಿನ ಕೈ ತಾನಾಗಿ ಮಾಡುತ್ತದೆ.

ಪಂಕ್ಚರ್ ಬಗ್ಗೆ ಒಂದಿಷ್ಟು ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ರಸ್ತೆಗಳಲ್ಲಿ ಅದು ಬಂದೇ ಬರುತ್ತದೆ. ಹೆದ್ದಾರಿಯ ಅಂಚಿನಲ್ಲಿ ಸಿಡಿದ ಲಾರಿ ಟೈರಿನ ತಂತಿಯ ಎಳೆಗಳು ಬಿದ್ದಿರುತ್ತವೆ. ಕೂದಲಿನಷ್ಟು ಸಣ್ಣಗಿದ್ದು ಟೈರಿನೊಳಗೆ ಹೊಕ್ಕರೆ ಹೊರಗಿನಿಂದ ಕಾಣುವುದಿಲ್ಲ. ಅವಸರದಲ್ಲಿ ಟ್ಯೂಬ್ ಬದಲಿಸಿ ಹೊರಟವರು ಎರಡು ಕಿ.ಮೀ. ಹೋಗುವಷ್ಟರಲ್ಲಿ ಮತ್ತೆ ನಿಲ್ಲುವುದು ಇದರಿಂದಲೇ. ಹಳೆಯ ಟ್ಯೂಬ್ ತೆಗೆದ ಕೂಡಲೇ ಟೈರಿನ ಒಳಗೋಡೆಯ ಸುತ್ತ ಬೆರಳಿನ ತುದಿಯನ್ನು ನಿಧಾನವಾಗಿ ಸವರಬೇಕು. ಚುಚ್ಚಿದ ಕಡೆ ಉಗುರಿನಿಂದ ತಂತಿಯನ್ನೋ ಜಾಲಿ ಮುಳ್ಳನ್ನೋ ಹಿಂದಕ್ಕೆ ತಳ್ಳಿ ತೆಗೆಯಬೇಕು. ಹೊಸ ಟ್ಯೂಬಿಗೆ ದುಂಡಗಾಗುವಷ್ಟು ಗಾಳಿ ಹಾಕಿ ಕೂರಿಸಿದರೆ ಅದು ತಿರುಚಿಕೊಳ್ಳುವುದಿಲ್ಲ. ಟೈರಿನ ಅಂಚನ್ನು ವಾಲ್ವ್‌ನ ಎದುರು ಭಾಗದಿಂದ ಶುರುಮಾಡಿ ವಾಲ್ವ್ ಹತ್ತಿರ ಮುಗಿಸಿ, ಕೊನೆಯ ಗೇಣನ್ನು ಹೆಬ್ಬೆರಳಿನಿಂದಲೇ ಒತ್ತಿ. ಅಲ್ಲಿ ಟೈರ್ ಎಬ್ಬಿಸುವ ಲಿವರ್ ಹಾಕಿದರೆ ಹೊಸ ಟ್ಯೂಬನ್ನೇ ಕಚ್ಚಿಬಿಡುತ್ತದೆ. ರಿಮ್ ಆಳವಾಗಿದ್ದರೆ ಉದ್ದ ವಾಲ್ವಿನ ಟ್ಯೂಬ್ ಬೇಕು. ಚೀಲದಲ್ಲಿ ಟ್ಯೂಬ್ ಇದ್ದೂ ವಾಲ್ವ್ ಗಿಡ್ಡವಾಗಿ ಪಂಪ್ ಸಿಕ್ಕಿಸಲಾಗದ ಪರಿಸ್ಥಿತಿ ಯಾರಿಗೂ ಬೇಡ.

ಓಟದಲ್ಲಿ ಕೈಕೊಡುವವರ ಪೈಕಿ ಅನೇಕರ ಸಮಸ್ಯೆ ಕಾಲಿನಲ್ಲಿರುವುದಿಲ್ಲ, ಸೈಕಲ್ ಮೇಲೆ ತಿನ್ನದ ಹೊಟ್ಟೆಯಲ್ಲಿರುತ್ತದೆ. ಸೈಕಲ್ ತುಳಿಯುವಾಗ ಗಂಟೆಗೆ 50ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗಬೇಕು. ಇದಕ್ಕೆ ಆಮದು ಪುಡಿಗಳೇ ಆಗಬೇಕಿಲ್ಲ. ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಯ ರಸ. ಸಕ್ಕರೆಯನ್ನು ಅಂದಾಜಿನಲ್ಲಿ ಸುರಿಯದೆ ತೂಕ ಮಾಡಿ, ಹೆಚ್ಚಾದರೆ ಹೊಟ್ಟೆಯಲ್ಲಿ ನಿಂತು ವಾಂತಿ ಬರಿಸುತ್ತದೆ. 750 ಮಿ.ಲೀ. ಬಾಟಲಿಯೊಂದರಲ್ಲಿ 45 ಗ್ರಾಂ ಆಯಿತು. ಜೊತೆಗೆ ಒಂದು ಏಲಕ್ಕಿ ಬಾಳೆಹಣ್ಣು ತಿಂದರೆ ಇನ್ನೊಂದು 12ರಿಂದ 15 ಗ್ರಾಂ. ಹೊಟ್ಟೆಗೂ ಅಭ್ಯಾಸ ಬೇಕು, ಗಂಟೆಗೆ 30 ಗ್ರಾಂನಿಂದ ಶುರುಮಾಡಿ ವಾರವಾರ 10 ಗ್ರಾಂ ಏರಿಸಬೇಕು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಹಾಗಾಗಿ ಎಳನೀರೊಂದನ್ನೇ ನಂಬಬಾರದು. ಸ್ಪರ್ಧೆಯ ಹಿಂದಿನ ದಿನ ಸೊಪ್ಪು, ಕಾಳು, ಕರಿದದ್ದು ಬಿಟ್ಟು ಅನ್ನ, ಇಡ್ಲಿ, ತೆಳು ಸಾರು ಸಾಕು.

ಎಷ್ಟು ಕುಡಿಯಬೇಕೆಂದು ಪಕ್ಕದವರನ್ನು ಕೇಳಬೇಡಿ, ತಕ್ಕಡಿಯನ್ನು ಕೇಳಿ. ಓಟಕ್ಕೆ ಮೊದಲು ತೂಕ ನೋಡಿ, ಏನೂ ಕುಡಿಯದೆ ಒಂದು ಗಂಟೆ ಓಡಿ, ಮೈ ಒರೆಸಿಕೊಂಡು ಮತ್ತೆ ನೋಡಿ. ಒಂದು ಕಿಲೊ ಇಳಿದಿದ್ದರೆ ಗಂಟೆಗೆ ಸುಮಾರು ಒಂದು ಲೀಟರ್ ಬೆವರು. ಅದರ ಮುಕ್ಕಾಲು ಭಾಗ ಕುಡಿದರೆ ಸಾಕು. ಬರೀ ನೀರನ್ನು ಬಾಯಾರಿಕೆ ಮೀರಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಉಂಗುರ ಬಿಗಿಯಾಗುವುದು, ತಲೆನೋವು, ವಾಂತಿ, ಮಾತು ತಡವರಿಸುವುದು ಅದರ ಗುರುತು. ಆಗ ಇನ್ನಷ್ಟು ನೀರು ಕುಡಿಸುವುದು ಜೀವಕ್ಕೇ ಎರವಾಗಬಹುದು. ನೋವಿನ ಮಾತ್ರೆ ನುಂಗಿ ಸ್ಪರ್ಧೆಗೆ ಇಳಿಯುವ ಚಟವೂ ಅಪಾಯವೇ. ನೀರು ಕಡಿಮೆಯಾದ ಮೈಯಲ್ಲಿ ಆ ಮಾತ್ರೆಗಳು ಮೂತ್ರಪಿಂಡವನ್ನು ಹಿಂಡುತ್ತವೆ.

ಬೆಂಗಳೂರು, ಮೈಸೂರಿನವರಿಗೆ ವಿಶೇಷವಾಗಿ ಒಂದು ಮಾತು. ಸಮುದ್ರಮಟ್ಟದಿಂದ 750ರಿಂದ 900 ಮೀಟರ್ ಎತ್ತರದ ತಂಪು ಬೆಳಗಿನಲ್ಲಿ ಸಾಧಿಸಿದ ಓಟದ ವೇಗ ಕರಾವಳಿಯ ಸೆಖೆಯಲ್ಲಿ ಬರುವುದಿಲ್ಲ. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಆರದ ಬೆವರು ಮೈ ತಂಪು ಮಾಡುವುದಿಲ್ಲ. ಮೈ ಸೆಖೆಗೆ ಒಗ್ಗಲು 10ರಿಂದ 14 ದಿನ ಬೇಕು. ಅಷ್ಟು ಮೊದಲೇ ಹೋಗಲಾಗದವರು ಕೊನೆಯ ಎರಡು ವಾರ ಬಿಸಿಲೇರಿದ ಮೇಲೆ 45 ನಿಮಿಷ, ಮಾತಾಡುತ್ತ ಓಡಬಹುದಾದ ನಿಧಾನ ವೇಗದಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು ಓಡಬಹುದು. ತಲೆಸುತ್ತು, ಚಳಿ ಹತ್ತಿದಂತಾಗುವುದು ಕಂಡರೆ ನಿಲ್ಲಿಸಬೇಕು.

ಉಳಿದ ಓಟದ ಮಾತು ಚಿಕ್ಕದು. ವಾರಕ್ಕೊಮ್ಮೆ ಸೈಕಲ್ ಇಳಿದ ಕೂಡಲೇ 15–20 ನಿಮಿಷ ಓಡಿ. ಕಾಲು ಮರದ ಕೊರಡಿನಂತಿರುತ್ತದೆ, ಹತ್ತು ನಿಮಿಷದಲ್ಲಿ ಬಿಡುತ್ತದೆ. ವಾರದ ಅಭ್ಯಾಸದಲ್ಲಿ ಐದರಲ್ಲಿ ನಾಲ್ಕು ಪಾಲು ಪೂರ್ತಿ ವಾಕ್ಯ ಮಾತಾಡಬಲ್ಲಷ್ಟು ನಿಧಾನವಾಗಿರಲಿ. ಪ್ರತಿ ನಾಲ್ಕನೆಯ ವಾರ ಅಭ್ಯಾಸವನ್ನು ಮೂರನೇ ಒಂದು ಪಾಲಿನಷ್ಟು ಇಳಿಸಿ. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದು, ರಾತ್ರಿಯೂ ಕಾಡಿದರೆ ಅದು ಎಲುಬಿನ ಬಿರುಕಾಗಿರಬಹುದು. ಓಡಿ ಸರಿಮಾಡುವ ನೋವಲ್ಲ ಅದು.

ಇನ್ನು ನಮ್ಮ ಕೋರಿಕೆಗಳು. ಸಾರ್ವಜನಿಕ ಈಜುಕೊಳಗಳ ಬೆಳಗಿನ ಮೊದಲ ಬ್ಯಾಚ್‌ನಲ್ಲಿ ಒಂದೇ ಒಂದು ಲೇನ್ ನಿಲ್ಲದೆ ಈಜುವವರಿಗೆ ಮೀಸಲಿರಲಿ. ಈಗ ಅಡ್ಡಡ್ಡ ಆಡುವವರ ನಡುವೆ 200 ಮೀಟರ್ ಒಂದೇ ಸಮನೆ ಈಜುವುದೂ ಕಷ್ಟ. ಹಲವು ಕೊಳಗಳಲ್ಲಿ ಮಹಿಳೆಯರ ಬ್ಯಾಚ್ ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಇರುತ್ತದೆ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಆಗ ಹೇಗೆ ಬರಬೇಕು? ಅವರಿಗೂ ಬೆಳಗಿನ ಆರಕ್ಕೆ ಜಾಗ ಕೊಡಿ. ಕರಾವಳಿಯ ಜಿಲ್ಲಾಡಳಿತಗಳು ಶನಿವಾರ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಜೀವರಕ್ಷಕರ ಕಣ್ಗಾವಲಿನಲ್ಲಿ, ಹಗ್ಗ ಕಟ್ಟಿದ ಒಂದು ಭಾಗವನ್ನು ಈಜು ಅಭ್ಯಾಸಕ್ಕೆ ಬಿಟ್ಟುಕೊಡಬಹುದು. ಪತ್ರಿಕೆಗಳು ಸಾಧಕರ ಚಿತ್ರದ ಜೊತೆಗೆ ಅವರು ಎಷ್ಟು ತಿಂಗಳು, ಎಲ್ಲಿ, ಯಾರ ಕಾವಲಿನಲ್ಲಿ ಈಜಿ ಕಲಿತರು ಎಂಬುದನ್ನೂ ಕೇಳಿ ಬರೆಯಲಿ.

ಇದೆಲ್ಲಕ್ಕೂ ಪಂಚಾಂಗದ್ದೊಂದು ಕಟ್ಟುಪಾಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡಲು ಈಜಿಗೆ ಮುಚ್ಚಿದ ಬಾಗಿಲು. ಅಕ್ಟೋಬರ್, ನವೆಂಬರ್‌ನ ಸ್ಪರ್ಧೆಗೆ ಮಳೆಗಾಲ ಕಳೆದ ಮೇಲೆ ಸಿಗುವುದು ಕೆಲವೇ ವಾರ. ಕಡಲು ತಿಳಿಯಾಗಿರುವ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹತ್ತು ಹನ್ನೆರಡು ಸಲವಾದರೂ ಉಪ್ಪುನೀರಿಗೆ ಇಳಿದಿರದವರು ಆ ವರ್ಷದ ಸ್ಪರ್ಧೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಿ. ಶುಲ್ಕ ಕಟ್ಟಿಯಾಗಿದ್ದರೂ ಸರಿಯೇ.

ಇಂತಿ,
ಹವ್ಯಾಸಿ ಟ್ರಯಥ್ಲಾನ್ ಅಭ್ಯಾಸಿಗಳ ಪರವಾಗಿ,
ಬೆಂಗಳೂರು